ಗುಂಡಣ್ಣ ಮೇಷ್ಟ್ರ ಬಿಸಿನೆಸ್ ಇಂಗ್ಲಿಷ್

ತೆಂಗಿನ ವ್ಯಾಪಾರ ಕಲಿಯಲು ಆಫ್ರಿಕಾದಿಂದ ಕಡೂರಿಗೆ ಬರುವ ವಿದ್ಯಾರ್ಥಿಗಳಿಗೆ ಬಿಸಿನೆಸ್ ಇಂಗ್ಲಿಷನ್ನೂ ಭಾಷಣ ಮಾಡುವುದನ್ನೂ ಕಲಿಸುವವರು ಗುಂಡಣ್ಣ ಮೇಷ್ಟ್ರು. ಪಾಠ ನಡೆಯುವುದು ಅವರ ಮನೆಯ ಜಗಲಿಯಲ್ಲಿ; ಇಸ್ತ್ರಿ ಮಾಡಿದ ಪಂಚೆಯ ಮೇಲೆ ಕೋಟು ತೊಡದೆ ಅವರು ಬಾಯಿ ತೆರೆಯುವುದಿಲ್ಲ. ಆ ಇಂಗ್ಲಿಷ್ ಬೀದಿಗೂ ಇಳಿಯುತ್ತದೆ. ಹಾಲಿನವನಿಗೆ "ಆಸ್ ಪರ್ ಅವರ್ ಡಿಸ್ಕಷನ್, ಅರ್ಧ ಲೀಟರ್" ಎನ್ನುತ್ತಾರೆ. ಸಂತೆಯಲ್ಲಿ ಹೀರೇಕಾಯಿ ಬಾಡಿದ್ದರೆ "ವಿ ರಿಗ್ರೆಟ್ ಟು ಇನ್‌ಫಾರ್ಮ್ ಯೂ" ಎಂದು ಮುಂದಕ್ಕೆ ನಡೆಯುತ್ತಾರೆ. ಭಾಷಣದ ದಿನ ವಿದ್ಯಾರ್ಥಿ ಗೇಟಿನ ಬಳಿ ನಿಂತು ಮಾತಾಡಬೇಕು. ಅಡುಗೆಮನೆಯಲ್ಲಿರುವ ಹೆಂಡತಿ ರಾಧಮ್ಮನಿಗೆ ಕೇಳಿಸಿದರೆ ಮಾತ್ರ ಪಾಸು. ವ್ಯಾಕರಣ ತಪ್ಪಿದ್ದು ಕಿವಿಗೆ ಬಿದ್ದರೆ ಮೇಷ್ಟ್ರು ಕೈಯಲ್ಲಿನ ತುತ್ತನ್ನೂ ಕೆಳಗಿಟ್ಟು ತಿದ್ದುತ್ತಾರೆ. ಮೊನ್ನೆ ತಾಂಜಾನಿಯಾದ ನೀಮಾ ಗೇಟಿನ ಬಳಿ ನಿಂತಾಗ ದನಿಯೇ ಹೊರಡಲಿಲ್ಲ. "ಲೌಡರ್, ಲೌಡರ್!" ಎಂದರು ಮೇಷ್ಟ್ರು. ರಾಧಮ್ಮ ಸೌಟು ಹಿಡಿದೇ ಹೊರಗೆ ಬಂದರು. "ಸುಮ್ನಿರ್ರೀ, ಆ ಮಗು ಅಳು ನುಂಗ್ಕೊಂಡು ನಿಂತೈತೆ ಕಣ್ರೀ." ನೀಮಾ ಮೆಲ್ಲಗೆ, "ಮೈ ಮದರ್ ಆಪರೇಷನ್ ಟುಡೇ" ಎಂದಳು. ಮೇಷ್ಟ್ರು ತಿದ್ದಲಿಲ್ಲ. ಕೋಟು ಬಿಚ್ಚಿಟ್ಟು, ಅವಳನ್ನು ಜಗಲಿಗೆ ಕರೆದು ಪಕ್ಕದಲ್ಲೇ ಕುಳಿತರು. ಸಂಜೆ ಆಸ್ಪತ್ರೆಯಿಂದ ನೀಮಾಳಿಗೆ ಫೋನು ಬಂತು. ತಾಯಿ ಕಣ್ಣು ತೆರೆದಿದ್ದರು; ಅವರೇ ಮಾತಾಡಿದರು. ನೀಮಾ ಅಳುತ್ತಲೇ ನಕ್ಕು ಫೋನನ್ನು ಮೇಷ್ಟ್ರ ಕೈಗಿತ್ತಳು. ತಾಯಿಗೆ ಇಂಗ್ಲಿಷ್ ಬಾರದೆಂದೂ ಹೇಳಿದಳು. ಮೇಷ್ಟ್ರು ಫೋನನ್ನು ಬಾಯಿಯ ಹತ್ತಿರ ತಂದು, "ಹೆದರ್ಬ್ಯಾಡ ಕಣಮ್ಮಾ, ನಿನ್ ಮಗ್ಳು ನಮ್ಮನೇಲವ್ಳೆ" ಎಂದರು.