ಬೋರಿಂಗಿಗೆ ಬಿದ್ದ ಕೆಂಪು ಬಣ್ಣ

ಮೂರು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ಆಗ ನಾನು ಸೇಡಂನ ಒಂದು ಸಣ್ಣ ನೀರು ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಹಳ್ಳಿಗಳಿಂದ ಬಂದ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ನಮ್ಮ ಪಟ್ಟಿ ನೋಡಿ ಪಂಚಾಯಿತಿಯವರು ಬೋರಿಂಗುಗಳಿಗೆ, ಅಂದರೆ ಕೈಪಂಪುಗಳಿಗೆ, ಹಸಿರು ಇಲ್ಲವೇ ಕೆಂಪು ಬಣ್ಣ ಬಳಿಯುತ್ತಿದ್ದರು. ಕೆಂಪು ಎಂದರೆ ಕುಡಿಯಬಾರದು.

ಒಂದು ಬೆಳಿಗ್ಗೆ ಕುಂಚಾವರಂ ಕಡೆಯ ಹಳ್ಳಿಯಿಂದ ಮಾಳಮ್ಮ ಎಂಬುವರು ಎರಡು ಬಸ್ಸು ಬದಲಿಸಿ, ಕ್ಯಾನಿನಲ್ಲಿ ನೀರು ತುಂಬಿಕೊಂಡು ಬಂದರು. ತಮ್ಮ ಓಣಿಯ ಪಂಪಿಗೆ ಕೆಂಪು ಬಣ್ಣ ಬಳಿದು ಹನ್ನೆರಡು ದಿನವಾಯಿತು, ಹೆಂಗಸರೆಲ್ಲ ಕಾಡಂಚಿನ ಬಾವಿಗೆ ನಡೆಯುತ್ತಿದ್ದೇವೆ ಎಂದರು. ಪಟ್ಟಿ ತಪ್ಪಿರಲಿಕ್ಕಿಲ್ಲ ಎಂದು ನಾನು ಸ್ವಲ್ಪ ಬಿರುಸಾಗಿಯೇ ಹೇಳಿದೆ.

"ತಪ್ಪಂತ ನಾ ಅನ್ನಲ್ರಿ ಅಕ್ಕೋರೆ. ನನ್ನ ಮುಂದ ಇನ್ನೊಮ್ಮಿ ನೋಡ್ರಿ. ಎಷ್ಟೊತ್ತಾದ್ರೂ ಕುಂದರ್ತೀನಿ" ಎಂದರು.

ನೋಡಿದೆ. ಪಟ್ಟಿಯಲ್ಲಿ ಹೆಚ್ಚಿದೆ ಎಂದಿದ್ದ ಫ್ಲೋರೈಡ್ ಮಿತಿಯೊಳಗೇ ಇತ್ತು. ಎರಡನೇ ಸಲವೂ ಅಷ್ಟೇ. ಹಾಗಾದರೆ ಆ ಕೆಟ್ಟ ನೀರು ಯಾವ ಪಂಪಿನದು?

ಕೈಬರಹದ ಪುಸ್ತಕದಲ್ಲಿ ಅವರ ಪಂಪಿನ ಸಂಖ್ಯೆ 7E512. ಕಂಪ್ಯೂಟರಿನಲ್ಲಿ ಅದೇ ಜಾಗದಲ್ಲಿ 'ಇನ್ಫಿನಿಟಿ' ಎಂದಿತ್ತು. ತಂತ್ರಾಂಶ ಬರೆದವರಿಗೆ ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ಆ ವರ್ಷ ಮೊದಲ ಸಲ ಪೂರ್ವ ಭಾಗದ ಹಳ್ಳಿಗಳಿಗೆ E ಅಕ್ಷರ ಹಾಕಿದ್ದೆವು. ಅಂಕಿಗಳ ನಡುವೆ E ಬಂದರೆ 'ಮುಂದೆ ಇಷ್ಟು ಸೊನ್ನೆ' ಎಂದು ತಿಳಿಯುವ ಕಂಪ್ಯೂಟರ್, 7E512 ಅನ್ನು ಏಳರ ಮುಂದೆ ಐನೂರ ಹನ್ನೆರಡು ಸೊನ್ನೆ ಎಂದು ಓದಿತ್ತು. ಅಷ್ಟು ದೊಡ್ಡ ಸಂಖ್ಯೆ ತನ್ನಲ್ಲಿ ಹಿಡಿಸದೆ 'ಅನಂತ' ಎಂದು ಬರೆದುಕೊಂಡಿತ್ತು. ಆ ಸಲ ಬಂದಿದ್ದ ಇನ್ನೊಂದು E ಸಂಖ್ಯೆ 7E521 ಕೂಡ ಅನಂತವೇ ಆಗಿ, ಎರಡೂ ಒಂದೇ ಪಂಪೆಂದು ತಿಳಿದು, ಮಾಳಮ್ಮನವರ ಹಳ್ಳಿಯ ಹೆಸರಿನ ಮುಂದೆ ಆ ಇನ್ನೊಂದರ ಫಲಿತಾಂಶ ಸೇರಿಸಿತ್ತು. ಆ ಇನ್ನೊಂದು ಪಂಪು ಪಟ್ಟಿಯಲ್ಲೇ ಇರಲಿಲ್ಲ. ಅದು ಒಂದು ಅಂಗನವಾಡಿಯ ಪಕ್ಕದ್ದು.

ನಮ್ಮ ಸಾಹೇಬರು ತಕ್ಷಣ ಜೀಪು ತೆಗೆಸಿದರು. ಮಾಳಮ್ಮನವರೂ ಜೊತೆಗೆ ಹತ್ತಿದರು. ಮೊದಲು ಅಂಗನವಾಡಿಗೆ ಹೋಗಿ ಆ ಪಂಪು ನಿಲ್ಲಿಸಿ, ಮಕ್ಕಳಿಗೆ ಬೇರೆ ನೀರಿನ ವ್ಯವಸ್ಥೆ ಮಾಡಿಸಿದೆವು. ಮಕ್ಕಳೆಲ್ಲ ಆರಾಮವಾಗಿದ್ದರು. ಸಂಜೆ ಹೊತ್ತಿಗೆ ಮಾಳಮ್ಮನವರ ಓಣಿ ಮುಟ್ಟಿದೆವು.

ಎಲ್ಲರ ಮುಂದೆ ತಪ್ಪಾಯಿತು ಎಂದೆ. "ಬಂದು ಹೇಳಿದ್ರಲ್ಲ, ಸಾಕು ಬಿಡ್ರಿ. ಮೊದ್ಲು ನೀರು ಕುಡೀರಿ" ಎಂದರು ಮಾಳಮ್ಮ.

ಪಂಪಿಗೆ ಹಸಿರು ಬಳಿದರು. ಬಣ್ಣ ಆರಲಿ ಎಂದರೂ ಹೆಂಗಸರು ಕಾಯಲಿಲ್ಲ. ಕೊಡ ತುಂಬಿಕೊಂಡು ಹಸಿರಾದ ಅಂಗೈ ಒಬ್ಬರಿಗೊಬ್ಬರು ತೋರಿಸಿ ನಗುತ್ತಿದ್ದರು. ನನ್ನ ನೌಕರಿಯಲ್ಲಿ ಅಷ್ಟು ಸಮಾಧಾನ ಕೊಟ್ಟ ದಿನ ಮತ್ತೊಂದಿಲ್ಲ. ಆದರೂ, ಅವತ್ತು ನನ್ನ ಬಿರುಸು ಮಾತಿಗೆ ನೊಂದು ಅವರು ಎದ್ದು ಹೋಗಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.