ಮಳವಳ್ಳಿಗೆ ಹೋಗಿ ಜಡೆ ಬಿಚ್ಚಿ ಬಂದದ್ದು

ನನಗಾಗ ಅರವತ್ತೇಳು. ಎರಡು ವರ್ಷದ ಹಿಂದಿನ ಮಾತು. ಮಂಡ್ಯದ ಹತ್ತಿರದ ನಮ್ಮ ಹೊಳಲು ಊರಿನ ಎಂಟು ಹೆಂಗಸರು ಜಡೆ ಕೋಲಾಟ ಆಡಲು ಮಳವಳ್ಳಿಗೆ ಹೊರಟೆವು. ಅಲ್ಲಿನ ಒಂದು ಕಾಲೇಜಿಗೆ ಇಂಗ್ಲೆಂಡಿನ ಹಳ್ಳಿಯಿಂದ ಕುಣಿಯುವವರು ಬಂದಿದ್ದರು. ಅವರ ಮುಂದೆ ನಮ್ಮದೂ ಒಂದಾಟ.

ಜಡೆ ಕೋಲಾಟಕ್ಕೆ ಮೇಲಿನಿಂದ ಎಂಟು ಹಗ್ಗ ಇಳಿಬಿಡುತ್ತಾರೆ. ಒಬ್ಬೊಬ್ಬರು ಒಂದೊಂದು ಹಿಡಿದು, ಕೋಲು ಹೊಡೆಯುತ್ತಾ ಒಳಗೊಮ್ಮೆ ಹೊರಗೊಮ್ಮೆ ನುಸುಳಿದರೆ ಹಗ್ಗ ಜಡೆಯಾಗುತ್ತದೆ. ಆಮೇಲೆ ಹಿಂದುಮುಂದಾಗಿ ಕುಣಿದು ಬಿಚ್ಚಬೇಕು. ಗಂಟು ಬಿದ್ದರೆ ಮಾನ ಹೋಯಿತು.

ನಾವು ಕಲಿತದ್ದು ನಮ್ಮ ಕೊಟ್ಟಿಗೆಯಲ್ಲಿ, ಎಮ್ಮೆ ಹೊರಗೆ ಕಟ್ಟಿ. ಊರಿನ ಸಮುದಾಯ ಭವನದಲ್ಲಿ ಗಂಡಸರು ಇಸ್ಪೀಟು ಆಡುತ್ತಿದ್ದರು. ಅದರ ಬೀಗದ ಕೈ ನನ್ನ ಮೈದುನ ನಿಂಗೇಗೌಡನ ಸೊಂಟದಲ್ಲಿ. ನಾವು ಬಸ್ಸು ಹತ್ತುವಾಗ ಅವನು ನಕ್ಕ.

"ಜಡೆ ಕಟ್ಟೋದು ಯಾರಾದ್ರೂ ಕಟ್ತಾರೆ ಅತ್ಗೆ. ಗಂಟಿಲ್ದಂಗೆ ಬಿಚ್ಕಂಡ್ ಬನ್ನಿ, ಬೀಗದ್ ಕೈ ನಿಮ್ಗೇ ಕೊಟ್ಬುಡ್ತೀನಿ."

"ಊರೋರೆಲ್ಲ ಕೇಳವ್ರೆ, ಮಾತ್ ತಪ್ಪಬ್ಯಾಡ ಕಣ್ಲಾ" ಎಂದೆ.

ಮಂಡ್ಯದಲ್ಲಿ ಮಳವಳ್ಳಿ ಬಸ್ಸು ತಪ್ಪಿತು. ಮದ್ದೂರಿಗೆ ಹೋಗಿ ಬೇರೆ ಬಸ್ಸು ಹಿಡಿದೆವು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಖರ್ಚಾದದ್ದು ವಡೆಗೆ ಮಾತ್ರ. ಮದ್ದೂರಿನಲ್ಲೇ ನಮ್ಮ ಕೆಂಪಮ್ಮ ಬಸ್ಸಿನ ಮೆಟ್ಟಿಲಿಂದ ಜಾರಿ ಕಾಲು ಉಳುಕಿಸಿಕೊಂಡಳು. ಭಾರತೀನಗರದಲ್ಲಿ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ನಿಂತೇ ಇತ್ತು. ಕೆಟ್ಟ ಬಿಸಿಲು. ಮಳವಳ್ಳಿ ತಲುಪುವಷ್ಟರಲ್ಲಿ ಅವಳ ಪಾದ ಊದಿ ನೆಲಕ್ಕೆ ಊರಲಾಗಲಿಲ್ಲ. ಏಳು ಜನಕ್ಕೆ ಜಡೆ ಬರುವುದಿಲ್ಲ, ಜೋಡಿ ಬೇಕು.

ಮೊದಲು ಇಂಗ್ಲೆಂಡಿನವರು ಆಡಿದರು. ಮಾರಿಸ್ ಕುಣಿತವಂತೆ. ಬಿಳಿ ಬಟ್ಟೆ, ಗಂಡಸರ ಕಾಲಿಗೂ ಗೆಜ್ಜೆ. ಒಂದಾಟಕ್ಕೆ ಕರವಸ್ತ್ರ ಬೀಸಿದರು, ಇನ್ನೊಂದಕ್ಕೆ ದಪ್ಪ ದೊಣ್ಣೆ ಹಿಡಿದರು.

"ಇದೇನ್ ಕೋಲಾಟವೋ ಒಡದಾಟವೋ ಕಣಕ್ಕ?" ಎಂದಳು ನಾಗಮ್ಮ. ಅವರ ಹೆಜ್ಜೆ ಮಾತ್ರ ಒಂದೂ ತಪ್ಪಲಿಲ್ಲ.

ಕೆಂಪಮ್ಮನ ಕಾಲು ನೋಡಿ ಕಾಲೇಜಿನ ಮೇಡಂ, "ನೀವು ಪದ ಹೇಳಿಬಿಡಿ ಅಜ್ಜಿ, ಸಾಕು" ಎಂದರು.

"ಪದ ಹೇಳಕ್ಕೆ ಇಷ್ಟ್ ದೂರ ಬಂದ್ವಾ?" ಎಂದೆ.

ನಮ್ಮ ಗಲಾಟೆ ನೋಡಿ ಇಂಗ್ಲೆಂಡಿನವರಲ್ಲೊಬ್ಬಳು, ನನ್ನ ವಯಸ್ಸಿನವಳೇ, ಬಂದು ಹಗ್ಗ ಮುಟ್ಟಿದಳು. ಬೆರಳಲ್ಲಿ ಒಳಗೆ, ಹೊರಗೆ ಎಂದು ತೋರಿಸಿದಳು. ಅವರಲ್ಲೂ ಕಂಬಕ್ಕೆ ಬಣ್ಣದ ಪಟ್ಟಿ ಕಟ್ಟಿ ಹೀಗೇ ಹೆಣೆಯುತ್ತಾರೆಂದು ಮೇಡಂ ಹೇಳಿದರು. ಕೆಂಪಮ್ಮನ ಕೋಲು ಅವಳ ಕೈಗೆ ಕೊಟ್ಟೆ. ನನಗೇನೂ ನಂಬಿಕೆ ಇರಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

ಜಡೆ ಚೆನ್ನಾಗಿಯೇ ಬಿತ್ತು. ಬಿಚ್ಚುವಾಗ ತಪ್ಪಿದವಳು ನಮ್ಮ ನಾಗಮ್ಮ! ಆ ಹೆಂಗಸಿನ ಗೆಜ್ಜೆ ನೋಡುತ್ತಾ, ಒಳಗೆ ಹೋಗಬೇಕಾದವಳು ಹೊರಗೆ ಹೋದಳು.

"ಹಿಂದಕ್ ಬಾರೇ ನಾಗಿ!" ಎಂದು ಕೂಗಿದೆ.

ಬಿಳಿಯವಳು ನಿಂತಲ್ಲೇ ಗೆಜ್ಜೆ ಕುಟ್ಟುತ್ತಾ, ತಾಳ ಬಿಡದೆ, ತನ್ನ ಹಗ್ಗ ಎತ್ತಿ ಹಿಡಿದಳು. ನಾಗಮ್ಮ ಅದರಡಿ ನುಸುಳಿ ತನ್ನ ಜಾಗಕ್ಕೆ ಬಂದಳು. ಪದ ನಿಲ್ಲಲಿಲ್ಲ. ಎಂಟು ಹಗ್ಗವೂ ನೆಟ್ಟಗೆ ಬಿಚ್ಚಿಕೊಂಡವು. ಜನ ಎದ್ದು ನಿಂತು ಶಿಳ್ಳೆ ಹೊಡೆದರು.

ಅವಳು ನನ್ನ ಕೈ ಹಿಡಿದು ಏನೇನೋ ಹೇಳಿದಳು. "ಊಂ ಕಣಮ್ಮ, ನಿಮ್ದೂ ಚೆನ್ನಾಗದೆ. ದೊಣ್ಣೆ ಮಾತ್ರ ಸಣ್ಣದ್ ಮಾಡ್ಕಳಿ" ಎಂದೆ. ಸಂಜೆ ಬಸ್ಸಿಗೆ ಕೆಂಪಮ್ಮನನ್ನು ಎತ್ತಿ ಕೂರಿಸಿಕೊಂಡು ಊರಿಗೆ ಬಂದೆವು.

ಮಾರನೆಯ ಬೆಳಿಗ್ಗೆ ಹಾಲು ಕರೆದು ನಿಂಗೇಗೌಡನ ಜಗಲಿಗೆ ಹೋದೆ. ಯಾರೋ ತೆಗೆದ ನಮ್ಮ ಆಟದ ವಿಡಿಯೋ ಆಗಲೇ ಅವನ ಮೊಬೈಲಿಗೆ ಬಂದಿತ್ತು.

"ಬಿಳಿಯೋಳೊಬ್ಳು ಇದ್ಲಲ್ಲ ಅತ್ಗೆ?"

"ಗಂಟಿತ್ತಾ ಇರ್ನಿಲ್ವಾ, ಅದ್ ಹೇಳ್ಲಾ."

ಬೀಗದ ಕೈ ಕೊಟ್ಟ. ಭವನದ ಬಾಗಿಲು ತೆಗೆದು, ಬೀಡಿ ತುಂಡು, ಇಸ್ಪೀಟೆಲೆ ಎಲ್ಲ ಗುಡಿಸಿ ಬೀದಿಗೆ ಹಾಕಿ, ಚಾವಣಿಯ ಕೊಂಡಿಗೆ ಜಡೆಯ ಹಗ್ಗ ಕಟ್ಟಿದೆ.