ಇಳಕಲ್ ಸೀರೆಯ ಮೇಲೊಂದು ಕೋಟು

ಹಡಗಿನ ಊಟದ ಕೋಣೆಯ ಬಾಗಿಲಲ್ಲಿ, ಇಳಕಲ್ ಸೀರೆಯ ಮೇಲೆ ತೀರಿಹೋದ ಗಂಡನ ಕರಿ ಕೋಟು ಹಾಕಿಕೊಂಡು ನಿಂತಿದ್ದೆ. ಈ ಪ್ರವಾಸಕ್ಕೆಂದೇ ಅವರು ಅದನ್ನು ಹೊಲಿಸಿದ್ದರು. ಕೋಟಿಲ್ಲದ ಗಂಡಸರಿಗೆ ಅಲ್ಲಿ ಎರಡು ರಾತ್ರಿ ನಡೆಯುವ ವಿಶೇಷ ಊಟಕ್ಕೆ ಪ್ರವೇಶವಿರಲಿಲ್ಲ. ಸಿಂಗರಿಸಿಕೊಳ್ಳುವ ಮನಸ್ಸಿಲ್ಲದೆ ನಾನು ಊಟವೇ ಬೇಡ ಎಂದಿದ್ದೆ. ಜೊತೆಗೆ ಬಂದಿದ್ದ ನಾದಿನಿ ಬಿಡಲಿಲ್ಲ.

"ವೈನಿ, ನಮ್ಮೂರು ತಾಂಬಾದಾಗ ದ್ರಾಕ್ಷಿ ಕೊಯ್ಯಾಕ ಹೋಗುವಾಗ ಸೀರಿ ಮ್ಯಾಲೆ ಅಣ್ಣನ ಅಂಗಿ ಹಾಕ್ಕೊಂತಿದ್ದಿಲ್ಲೇನ್ರಿ? ಇದನ್ನೂ ಹಾಕ್ಕೊಂಡು ನಡೀರಿ."

ಒಳಗೆ ಪಕ್ಕದ ಮೇಜಿನ ಮೂವರು ಹೆಂಗಸರು, ಇದು ಹೊಸ ಫ್ಯಾಷನ್ನೇ ಎಂದು ಕೇಳಿದರು.

"ನಮ್ಮ ಕಡೆ ಹಳೇದ್ರಿ," ಎಂದಳು ನಾದಿನಿ.

ಮರುದಿನ ರಾತ್ರಿ ಆ ಮೂವರೂ ಗಂಡಂದಿರ ಕೋಟು ತೊಟ್ಟು ಬಂದರು. ಬರೀ ಅಂಗಿಯಲ್ಲಿದ್ದ ಗಂಡಂದಿರನ್ನು ಹಡಗಿನ ಸಿಬ್ಬಂದಿ ಬಾಗಿಲಲ್ಲೇ ತಡೆದರು.

ನಮ್ಮವರು ಬದುಕಿದ್ದರೆ ಕೋಟು ನನಗೆ ಕೊಟ್ಟು ಆ ಸಾಲಿನಲ್ಲೇ ಪೆಚ್ಚುಮೋರೆ ಹಾಕಿ ನಿಂತಿರುತ್ತಿದ್ದರು ಎನಿಸಿತು. ಅವರು ಹೋದ ಎಂಟು ತಿಂಗಳಲ್ಲಿ ಮೊದಲ ಬಾರಿ, ಎರಡನೇ ಸಲ ಬಡಿಸಿಕೊಂಡು ಉಂಡೆ.